ನಲವತ್ತೇಳು ವರ್ಷ, ಒಂದೇ ಕಾಲೇಜು: ಫುಟ್‌ಬಾಲ್ ಕೋಚ್ ಆನ್ಸನ್ ಡಾರೆನ್ಸ್ ಅವರ ವೃತ್ತಿಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಕ್ಯಾರಿ ನಿವಾಸಿ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಪಟ್ಟಣದಲ್ಲಿ ಹದಿನಾಲ್ಕು ವರ್ಷಗಳಿಂದ ನೆಲೆಸಿದ್ದರೂ, ಮಗಳು ಚೆಂಡು ಒದೆಯಲು ಕಲಿಯುವವರೆಗೆ ಇಲ್ಲಿಯ ಕಾಲೇಜು ಫುಟ್‌ಬಾಲಿನ ಗಂಧಗಾಳಿ ನನಗಿರಲಿಲ್ಲ. ಇಲ್ಲಿಯವರು ಅದನ್ನು ಸಾಕರ್ ಎನ್ನುತ್ತಾರೆ. ಫುಟ್‌ಬಾಲ್ ಎಂದರೆ ಅವರಿಗೆ ಹೆಲ್ಮೆಟ್ ಧರಿಸಿ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಬೇರೆಯೇ ಆಟ.

2024ರ ಡಿಸೆಂಬರ್ 9ರಂದು ನಮ್ಮೂರಿನ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ ಎನ್‌ಸಿಎಎ ಮಹಿಳಾ ಫೈನಲ್ ನಡೆಯಿತು. ಎನ್‌ಸಿಎಎ ಎಂದರೆ ಇಲ್ಲಿಯ ಕಾಲೇಜು ಕ್ರೀಡೆಗಳನ್ನೆಲ್ಲ ನಡೆಸುವ ರಾಷ್ಟ್ರೀಯ ಸಂಸ್ಥೆ. ಚಾಪೆಲ್ ಹಿಲ್‌ನಲ್ಲಿರುವ ಯುನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲಿನಾ ತಂಡವು ವೇಕ್ ಫಾರೆಸ್ಟ್ ತಂಡವನ್ನು 1-0ಯಿಂದ ಸೋಲಿಸಿತು. ಗೆದ್ದ ತಂಡದ ಬೆಂಚಿನಲ್ಲಿ ಹಂಗಾಮಿ ಕೋಚ್ ಡೇಮನ್ ನಹಾಸ್ ಇದ್ದರು. ಆದರೆ ನನ್ನ ಸುತ್ತ ಕುಳಿತಿದ್ದವರ ಮಾತೆಲ್ಲ ಬೆಂಚಿನಲ್ಲಿ ಇಲ್ಲದವರ ಕುರಿತಾಗಿಯೇ ಇತ್ತು. ಆ ತಂಡವನ್ನು 1979ರಲ್ಲಿ ಆರಂಭವಾದಾಗಿನಿಂದಲೂ ನಡೆಸಿಕೊಂಡು ಬಂದಿದ್ದ ಆನ್ಸನ್ ಡಾರೆನ್ಸ್, ಅದೇ ಆಗಸ್ಟಿನಲ್ಲಿ, ಋತುವಿನ ಮೊದಲ ಪಂದ್ಯಕ್ಕೆ ಕೆಲವೇ ದಿನಗಳಿರುವಾಗ ನಿವೃತ್ತಿ ಘೋಷಿಸಿದ್ದರು.

ಒಬ್ಬ ವ್ಯಕ್ತಿ ತನ್ನ ಇಡೀ ದುಡಿಮೆಯ ಆಯುಷ್ಯವನ್ನು ಒಂದೇ ಕಾಲೇಜಿನ ಹುಲ್ಲಿನ ಮೇಲೆ ಕಳೆದದ್ದನ್ನು ನಾವು ಹೇಗೆ ನೋಡಬೇಕು? ಕಪ್ಪುಗಳನ್ನು ಎಣಿಸಬೇಕೆ, ಕಲಿತು ಹೋದವರನ್ನು ಎಣಿಸಬೇಕೆ ಅಥವಾ ಬೇರೇನನ್ನಾದರೂ ಗಮನಿಸಬೇಕೆ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಅಂಕಿಸಂಖ್ಯೆ:

ಮೊದಲು ಲೆಕ್ಕ ಮುಂದಿಡುತ್ತೇನೆ, ತೂಗುವ ಕೆಲಸವನ್ನು ಆಮೇಲೆ ಮಾಡೋಣ. ಮಹಿಳಾ ತಂಡದೊಂದಿಗೆ ಡಾರೆನ್ಸ್ ಅವರ ದಾಖಲೆ 934 ಗೆಲುವು, 88 ಸೋಲು, 53 ಡ್ರಾ. ಅಂದರೆ ನೂರು ಪಂದ್ಯಗಳಲ್ಲಿ ಸುಮಾರು 87 ಗೆಲುವು. ಇದಲ್ಲದೆ, 1977ರಿಂದ 1988ರವರೆಗೆ, ಅವರು ಅದೇ ವಿಶ್ವವಿದ್ಯಾಲಯದ ಪುರುಷರ ತಂಡಕ್ಕೂ ಕೋಚ್ ಆಗಿದ್ದರು. ಅಲ್ಲಿ 172 ಗೆಲುವು. ಸುಮಾರು ಹತ್ತು ವರ್ಷ ಎರಡು ತಂಡಗಳನ್ನೂ ಒಬ್ಬರೇ ನೋಡಿಕೊಂಡರು ಎಂಬುದನ್ನು ಮರೆಯಬಾರದು.

1981ರಲ್ಲಿ ಮಹಿಳಾ ಕ್ರೀಡೆಗಳನ್ನು ಎಐಎಡಬ್ಲ್ಯೂ ಎಂಬ ಪ್ರತ್ಯೇಕ ಸಂಘ ನಡೆಸುತ್ತಿದ್ದಾಗ ಒಂದು ಪ್ರಶಸ್ತಿ, 1982ರಲ್ಲಿ ಎನ್‌ಸಿಎಎ ಆ ಜವಾಬ್ದಾರಿ ವಹಿಸಿಕೊಂಡ ಮೇಲೆ 21 ಪ್ರಶಸ್ತಿ, ಒಟ್ಟು 22. ಇದರಲ್ಲಿ ನನ್ನ ಕಣ್ಣಿಗೆ ಬೀಳುವುದು ಹಂಚಿಕೆ. 1982ರಿಂದ 2000ದವರೆಗಿನ 19 ಋತುಗಳಲ್ಲಿ 16 ಪ್ರಶಸ್ತಿ. ಕೈತಪ್ಪಿದ್ದು 1985, 1995 ಮತ್ತು 1998ರಲ್ಲಿ ಮಾತ್ರ. ಮುಂದಿನ 23 ಋತುಗಳಲ್ಲಿ ಐದು: 2003, 2006, 2008, 2009, 2012. ಅದಾದ ಮೇಲೆ ನಿವೃತ್ತಿಯವರೆಗೆ ಒಂದೂ ಇಲ್ಲ. 103 ಪಂದ್ಯಗಳ ಅಜೇಯ ಸರಣಿ 1990ರಲ್ಲಿ ಕನೆಕ್ಟಿಕಟ್ ತಂಡದೆದುರು ಹೆಚ್ಚುವರಿ ಅವಧಿಯಲ್ಲಿ ಮುರಿಯಿತು. ಬಳಿಕ ಸತತ 92 ಗೆಲುವುಗಳ ಇನ್ನೊಂದು ಸರಣಿ ಹುಟ್ಟಿ, 1994ರ ಅಕ್ಟೋಬರಿನಲ್ಲಿ ನೋಟರ್ ಡೇಮ್ ಎದುರಿನ ಗೋಲಿಲ್ಲದ ಡ್ರಾದಲ್ಲಿ ನಿಂತಿತು.

ವ್ಯಾಯಾಮ ಮೇಷ್ಟ್ರು:

ಅಂಕಿಸಂಖ್ಯೆಯವರ ಲೆಕ್ಕ ನೋಡಿ ಸಂತೋಷವಾಯಿತು, ಜೊತೆಗೆ ಸ್ವಲ್ಪ ಅನುಮಾನವೂ ಬಂದಿತು. ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಆ ಹುದ್ದೆಯವನು ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ಎಸೆತ ಎಲ್ಲಕ್ಕೂ ಒಬ್ಬನೇ. ಮೇಲೆ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ, ಪ್ರವೇಶಾತಿ ಸಮಿತಿ, ಆಗಸ್ಟ್ ಹದಿನೈದರ ಪಥಸಂಚಲನ. ಅಂತರಕಾಲೇಜು ಪಂದ್ಯಾವಳಿ ಎಂದರೆ ಎರಡು ಮೂರು ದಿನಗಳ ಜಾತ್ರೆ. ಹೀಗಿರುವಾಗ ಒಂದು ಆಟಕ್ಕೆಂದೇ ಕೋಚ್, ಅವರಿಗೆ ಸಹಾಯಕರು, ಗೋಲ್‌ಕೀಪರುಗಳಿಗೆ ಬೇರೆ ತರಬೇತುದಾರ ಎಂದು ಕೇಳಿದಾಗ, ಗೆದ್ದದ್ದು ಕೋಚೋ ಸೌಲಭ್ಯವೋ ಎಂಬ ಪ್ರಶ್ನೆ ಏಳುತ್ತದೆ. ಆ ಮನುಷ್ಯ ಕೆಲಸಕ್ಕೆ ಸೇರಿದಾಗಲೂ ಇವೆಲ್ಲ ಇದ್ದವೆ? ಕ್ಯಾರಿಯವರು ತಿಳಿಸಬೇಕು.

ಕ್ಯಾರಿ ನಿವಾಸಿ:

ಮೇಷ್ಟ್ರೇ, ತಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನಿಗೆ ನಮ್ಮ ಕಡೆಯ ಒಂದು ಎಳೆಯೂ ಸಿಕ್ಕಿತು. ಡಾರೆನ್ಸ್ ಹುಟ್ಟಿದ್ದು 1951ರ ಏಪ್ರಿಲ್ 9ರಂದು, ಆಗಿನ ಬೊಂಬಾಯಿಯಲ್ಲಿ. ತಂದೆಯವರು ತೈಲ ಕಂಪನಿಯ ಉದ್ಯೋಗದಲ್ಲಿದ್ದುದರಿಂದ ಬಾಲ್ಯವೆಲ್ಲ ಕೀನ್ಯಾ, ಇಥಿಯೋಪಿಯಾ, ಸಿಂಗಪುರಗಳಲ್ಲಿ ಮತ್ತು ಸ್ವಿಟ್ಜರ್‌ಲೆಂಡಿನ ವಸತಿ ಶಾಲೆಯಲ್ಲಿ ಕಳೆಯಿತು. ಅಮೆರಿಕದ ಹುಡುಗರು ಬೇಸ್‌ಬಾಲ್ ಬ್ಯಾಟು ಹಿಡಿಯುವ ವಯಸ್ಸಿನಲ್ಲಿ ಈತ ಹೊರದೇಶಗಳಲ್ಲಿ ಚೆಂಡು ಒದೆಯುತ್ತಿದ್ದುದು ಹೀಗೆ. ಚಾಪೆಲ್ ಹಿಲ್‌ನಲ್ಲಿ ಇಂಗ್ಲಿಷ್ ಮತ್ತು ತತ್ತ್ವಶಾಸ್ತ್ರ ಓದುತ್ತ, ಅಲ್ಲಿಯ ತಂಡದಲ್ಲಿ ಮಾರ್ವಿನ್ ಆಲೆನ್ ಎಂಬ ಹಿರಿಯ ಕೋಚ್ ಅವರ ಕೈಕೆಳಗೆ ಆಡಿದರು. ಆಲೆನ್ ಅವರ ಉತ್ತರಾಧಿಕಾರಿಯಾಗಿ ಪುರುಷರ ತಂಡದ ಹೊಣೆ ಹೊತ್ತಾಗ ಇವರಿಗೆ ಇಪ್ಪತ್ತಾರರ ಆಸುಪಾಸು. ಕಾನೂನು ಕಾಲೇಜಿನಲ್ಲಿ ಓದುತ್ತಿದ್ದವರು ಕೊನೆಗೆ ಆ ವ್ಯಾಸಂಗವನ್ನು ಮುಗಿಸದೆಯೇ ಮೈದಾನದಲ್ಲಿ ಉಳಿದರು.

1979ರ ವೇಳೆಗೆ ವಿಶ್ವವಿದ್ಯಾಲಯದ ಹುಡುಗಿಯರು ತಮ್ಮ ಹವ್ಯಾಸಿ ಕ್ಲಬ್ ತಂಡಕ್ಕೆ ಅಧಿಕೃತ ಸ್ಥಾನ ಬೇಕೆಂದು ಕೇಳಿದರು. ಕ್ರೀಡಾ ನಿರ್ದೇಶಕರಾಗಿದ್ದ ಬಿಲ್ ಕೋಬಿ, ಹೋಗಿ ನೋಡಿ ಬರಲು ಡಾರೆನ್ಸ್ ಅವರನ್ನೇ ಕಳಿಸಿ, ಕಡೆಗೆ ಹೊಸ ತಂಡವನ್ನೂ ಅವರ ಹೆಗಲಿಗೇ ಹಾಕಿದರು. ಆದ್ದರಿಂದ, ಮೇಷ್ಟ್ರೇ, ಮೊದಲ ದಿನಗಳಲ್ಲಿ ಅವರ ಸ್ಥಿತಿ ತಮ್ಮದಕ್ಕಿಂತ ತೀರಾ ಬೇರೆಯಾಗಿರಲಿಲ್ಲ: ಒಬ್ಬ ಕೋಚ್, ಎರಡು ತಂಡ. ಇಂದು ಅವರ ಹೆಸರಿನ ಕ್ರೀಡಾಂಗಣವೇ ಅಲ್ಲಿದೆ. ಹಳೆಯ ಫೆಟ್ಜರ್ ಫೀಲ್ಡ್ ಇದ್ದ ಜಾಗದಲ್ಲಿ 2019ರಲ್ಲಿ ತೆರೆದದ್ದು.

ಅಂಕಿಸಂಖ್ಯೆ:

ಮೇಷ್ಟ್ರ ಅನುಮಾನಕ್ಕೆ ಇನ್ನೊಂದು ಮುಖವೂ ಇದೆ. ಆರಂಭದ ಗೆಲುವುಗಳ ಕಾಲದಲ್ಲಿ ಎದುರಾಳಿಗಳೇ ಕಡಿಮೆಯಿದ್ದರು. 1982ರ ಮೊದಲ ಎನ್‌ಸಿಎಎ ಮಹಿಳಾ ಪಂದ್ಯಾವಳಿಗೆ ಬಂದದ್ದು 12 ತಂಡಗಳು. ಈಗ 64 ತಂಡಗಳು ಆಡುತ್ತವೆ, ಅದರಲ್ಲಿ ಸ್ಥಾನ ಪಡೆಯಲು ಮುನ್ನೂರಕ್ಕೂ ಹೆಚ್ಚು ಕಾಲೇಜುಗಳು ಸೆಣಸುತ್ತವೆ.

ಇದರ ಹಿಂದೆ ಒಂದು ಕಾನೂನಿದೆ. 1972ರಲ್ಲಿ ಬಂದ ಟೈಟಲ್ ನೈನ್, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆಯು ಲಿಂಗದ ಆಧಾರದ ಮೇಲೆ ಭೇದ ಮಾಡಬಾರದೆಂದು ವಿಧಿಸಿತು. ಅಮೆರಿಕನ್ ಫುಟ್‌ಬಾಲಿಗಾಗಿ ಹುಡುಗರಿಗೆ ಹೇರಳವಾಗಿ ವಿದ್ಯಾರ್ಥಿವೇತನ ಕೊಡುತ್ತಿದ್ದ ಕಾಲೇಜುಗಳಿಗೆ ಹುಡುಗಿಯರ ಕಡೆಯ ತಕ್ಕಡಿಯನ್ನು ತೂಗಿಸಲು ಒಂದು ಆಟ ಬೇಕಾಯಿತು. ಇಪ್ಪತ್ತೈದು ಮೂವತ್ತು ಮಂದಿಗೆ ತಂಡದಲ್ಲಿ ಜಾಗವಿರುವ, ಎರಡು ಗೋಲುಕಂಬ ಮತ್ತು ಹುಲ್ಲಿದ್ದರೆ ನಡೆಯುವ ಸಾಕರ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಬಹಳ ವರ್ಷಗಳ ಕಾಲ ಮಹಿಳಾ ಸಾಕರ್ ತಂಡವೊಂದಕ್ಕೆ 14 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಇದ್ದರೆ, ಪುರುಷರ ಸಾಕರ್ ತಂಡಕ್ಕೆ 9.9 ಮಾತ್ರ. ಡಾರೆನ್ಸ್ ಈ ಅಲೆ ಏಳುವ ಮುನ್ನವೇ ದೋಣಿಯಲ್ಲಿ ಕುಳಿತಿದ್ದರು. ಅದು ಅದೃಷ್ಟವೆಂದು ಕರೆಯುವವರಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಅಂಥದೇ ದೋಣಿಯಲ್ಲಿ ಬೇರೆ ಕೋಚ್‌ಗಳೂ ಇದ್ದರು, ಅವರು ಹತ್ತೊಂಬತ್ತರಲ್ಲಿ ಹದಿನಾರು ಗೆಲ್ಲಲಿಲ್ಲ.

ಮಾಜಿ ಗೋಲ್‌ಕೀಪರ್:

ಸಂಖ್ಯೆಗಳ ನಡುವೆ ಅಭ್ಯಾಸದ ವಿಷಯ ಬಿಟ್ಟುಹೋಗುತ್ತಿದೆ. ನಾನು ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಗೋಲು ಕಾಯ್ದವಳು. ನಮ್ಮ ಆಯ್ಕೆಯ ದಿನ ಒಂದು ಗಂಟೆ ಆಡಿಸಿ, ಸಂಜೆ ಸೂಚನಾ ಫಲಕದಲ್ಲಿ ಹದಿನೆಂಟು ಹೆಸರು ಅಂಟಿಸುತ್ತಿದ್ದರು. ಹೆಸರು ಏಕೆ ಬಂತು, ಏಕೆ ಬರಲಿಲ್ಲ ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಡಾರೆನ್ಸ್ ಅವರ ಮೈದಾನದಲ್ಲಿ ಇದರ ತದ್ವಿರುದ್ಧ ವ್ಯವಸ್ಥೆ ಇತ್ತು. ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅಭ್ಯಾಸದ ಪ್ರತಿಯೊಂದು ಎಸೆತವನ್ನೂ ಬರೆದಿಡಿಸುತ್ತಿದ್ದುದನ್ನು ನೋಡಿ, ಡಾರೆನ್ಸ್ ಆ ಕ್ರಮವನ್ನು ಸಾಕರಿಗೆ ತಂದರು. ಒಬ್ಬರೆದುರು ಒಬ್ಬರು ಚೆಂಡು ಕಸಿಯುವುದು, ತಲೆಯಿಂದ ಹೊಡೆಯುವುದು, ದೂರದ ಒದೆತ, ಓಟದ ವೇಗ, ಸಣ್ಣ ಗುಂಪುಗಳ ಪಂದ್ಯ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಬಾಬತ್ತುಗಳಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ದಾಖಲಿಸಿ, ಮೊದಲನೆಯವಳಿಂದ ಕೊನೆಯವಳವರೆಗಿನ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತಿದ್ದರು. ಇದಕ್ಕೆ ಅಲ್ಲಿಯವರು ಇಟ್ಟ ಹೆಸರನ್ನು ಕನ್ನಡದಲ್ಲಿ ಸ್ಪರ್ಧೆಯ ಕೊಪ್ಪರಿಗೆ ಎನ್ನಬಹುದು. ಆಲೆಮನೆಯ ಕೊಪ್ಪರಿಗೆ ನೋಡಿದವರಿಗೆ ಆ ಕಾವು ಎಂಥದೆಂದು ವಿವರಿಸಬೇಕಾಗಿಲ್ಲ.

ಇದರ ಹಿಂದಿನ ಅವರ ತರ್ಕವು ಚರ್ಚೆಗೆ ಅರ್ಹವಾದುದು. ಪುರುಷರ ತಂಡವನ್ನೂ ಮಹಿಳೆಯರ ತಂಡವನ್ನೂ ಏಕಕಾಲದಲ್ಲಿ ತರಬೇತುಗೊಳಿಸಿದ ಅನುಭವದಿಂದ ಅವರು ಕಂಡುಕೊಂಡದ್ದೇನೆಂದರೆ, ಹುಡುಗಿಯರಲ್ಲಿ ಸ್ಪರ್ಧಿಸುವ ಶಕ್ತಿ ಕಡಿಮೆಯಿಲ್ಲ, ಗೆಳತಿಯನ್ನು ಎಲ್ಲರೆದುರು ಸೋಲಿಸಿದರೆ ಗೆಳೆತನ ಕೆಡುತ್ತದೆ ಎಂಬ ಸಂಕೋಚ ಮಾತ್ರ ಅವರನ್ನು ಹಿಡಿದಿಡುತ್ತದೆ ಎಂಬುದು. ಪಟ್ಟಿ ತೂಗುಹಾಕಿದ್ದರ ಉದ್ದೇಶ, ಗೆಲ್ಲುವುದನ್ನು ಆ ಮೈದಾನದ ನಿತ್ಯದ ಮರ್ಯಾದೆಯನ್ನಾಗಿ ಮಾಡುವುದು. ಏಪ್ರಿಲ್ ಹೈನ್‌ರಿಕ್ಸ್ ಎಂಬ ಆಟಗಾರ್ತಿ ಆ ಸಂಕೋಚವಿಲ್ಲದೆ ಬಂದವಳು. ತಂಡದ ಉಳಿದವರ ಮುಂದೆ ಅವಳೇ ಉದಾಹರಣೆಯಾದಳು. ಗೋಲು ಕಾಯುವವಳಾಗಿ ನನಗೆ ಈ ಮಾತು ಪೂರ್ಣ ಒಪ್ಪಿಗೆಯಿಲ್ಲ. ನಮ್ಮ ತಂಡದಲ್ಲಿ ಸಂಕೋಚಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಕಟ್ಟಳೆ. ಆದರೂ, ಯಾಕೆ ಆಯ್ಕೆಯಾಗಲಿಲ್ಲ ಎಂಬ ಪ್ರಶ್ನೆಗೆ ಗೋಡೆಯ ಮೇಲೆ ಉತ್ತರವಿರುವ ತಂಡದಲ್ಲಿ ಒಂದು ವರ್ಷವಾದರೂ ಆಡಬೇಕಿತ್ತೆಂದು ಅನ್ನಿಸುತ್ತದೆ.

ಧಾರವಾಡದ ವಕೀಲ:

ಮೇಲಿನ ಬರಹಗಳಲ್ಲಿ ಒಂದು ಸಂಗತಿ ಕಾಣಿಸುತ್ತಿಲ್ಲ. ಆತ್ಮೀಯವಾಗಿರುವುದು, ಆಟಗಾರ್ತಿಯರ ಬದುಕಿನೊಳಗೆ ಪ್ರವೇಶಿಸಿ ಮಾತನಾಡುವುದು ಡಾರೆನ್ಸ್ ಅವರ ಶೈಲಿಯ ಭಾಗವೆಂದು ಹೊಗಳುವವರು, 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಅವರ ಮೇಲೆಯೂ ವಿಶ್ವವಿದ್ಯಾಲಯದ ಮೇಲೆಯೂ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದ್ದನ್ನು ಬಿಟ್ಟು ಬರೆಯಲಾಗದು. ಆಟಗಾರ್ತಿಯರ ಖಾಸಗಿ ಸಂಬಂಧಗಳ ಬಗ್ಗೆ ಕೋಚ್ ಕೆದಕಿ ಮಾತನಾಡುತ್ತಿದ್ದರು ಎಂಬುದು ದೂರಿನ ತಿರುಳು. ಡಾರೆನ್ಸ್ ಕಿರುಕುಳದ ಆರೋಪವನ್ನು ನಿರಾಕರಿಸಿದರು. ಒಬ್ಬರ ಪ್ರಕರಣ 2004ರಲ್ಲಿ 70,000 ಡಾಲರ್ ಮತ್ತು ಡಾರೆನ್ಸ್ ಅವರ ಕ್ಷಮಾಪಣಾ ಪತ್ರದೊಂದಿಗೆ ರಾಜಿಯಾಯಿತು. ಇನ್ನೊಬ್ಬರ ಪ್ರಕರಣವನ್ನು ಕೆಳಗಿನ ನ್ಯಾಯಾಲಯ ವಿಚಾರಣೆಯಿಲ್ಲದೆಯೇ ತಳ್ಳಿಹಾಕಿತ್ತು. 2007ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಆ ನಿಲುವನ್ನು ಬದಿಗಿಟ್ಟು, ಇದು ವಿಚಾರಣೆಗೆ ಯೋಗ್ಯವಾದ ಪ್ರಕರಣವೆಂದಿತು. ವಿಚಾರಣೆ ನಡೆಯುವ ಮುನ್ನವೇ, 2008ರ ಜನವರಿಯಲ್ಲಿ, 3,85,000 ಡಾಲರಿಗೆ ರಾಜಿಯಾಯಿತು.

ರಾಜಿ ಎಂದರೆ ತಪ್ಪೊಪ್ಪಿಗೆಯಲ್ಲ ಎಂಬುದನ್ನು ವಕೀಲನಾಗಿ ನಾನೇ ಮೊದಲು ಹೇಳುತ್ತೇನೆ. ನನ್ನ ಆಕ್ಷೇಪ ಬೇರೆ. ಕಾಲೇಜು ಕೋಚ್ ಕೈಯಲ್ಲಿ ಆಟಗಾರ್ತಿಯ ವಿದ್ಯಾರ್ಥಿವೇತನವಿದೆ, ಮೈದಾನದ ಜಾಗವಿದೆ, ಈ ವ್ಯಕ್ತಿಯ ವಿಷಯದಲ್ಲಂತೂ ಕೆಲಕಾಲ ರಾಷ್ಟ್ರೀಯ ತಂಡದ ಬಾಗಿಲಿನ ಕೀಲಿಯೂ ಇತ್ತು. ಅಷ್ಟು ಅಧಿಕಾರವಿರುವವರು ಸಲುಗೆಯ ಹರಟೆಯಲ್ಲಿ ಸೇರಿಕೊಂಡರೆ, ಎದುರಿಗಿರುವ ಹತ್ತೊಂಬತ್ತರ ಹುಡುಗಿಗೆ ಬೇಡ ಎನ್ನುವ ಸ್ವಾತಂತ್ರ್ಯ ನಿಜವಾಗಿಯೂ ಇರುತ್ತದೆಯೆ?

ಮಾಜಿ ಗೋಲ್‌ಕೀಪರ್:

ವಕೀಲರೇ, ಇರುವುದಿಲ್ಲ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಅವರ ಕೈಕೆಳಗೆ ಆಡಿದ ಅನೇಕರು ಅವರ ಪರವಾಗಿ ಗಟ್ಟಿಯಾಗಿ ನಿಂತರು ಎಂಬುದೂ ನಿಜ, ಆದರೆ ಹಲವರಿಗೆ ಹಿತವಾಗಿದ್ದದ್ದು ಒಬ್ಬಳಿಗೆ ನೋವಾಗಿರಲಿಲ್ಲ ಎಂದು ಅದರಿಂದ ಸಾಧಿಸಲಾಗದು.

ಬ್ಲೂಮಿಂಗ್‌ಟನ್ ಕನ್ನಡಿಗ:

ನಾನಿರುವುದು ಇಂಡಿಯಾನಾ ವಿಶ್ವವಿದ್ಯಾಲಯದ ಊರಿನಲ್ಲಿ. ಹೋಲಿಕೆಗೆ ಇಲ್ಲಿಯ ಜೆರ್ರಿ ಯೇಗ್ಲಿ ಅವರ ವೃತ್ತಿಯನ್ನು ಮುಂದಿಡುತ್ತೇನೆ. 1963ರಲ್ಲಿ ಇಲ್ಲಿಗೆ ಬಂದ ಅವರು ಹತ್ತು ವರ್ಷ ಅಧಿಕೃತ ಮಾನ್ಯತೆಯಿಲ್ಲದ ಪುರುಷರ ಕ್ಲಬ್ ತಂಡವನ್ನು ನಡೆಸಿದರು. 1973ರಲ್ಲಷ್ಟೇ ಅದು ವಿಶ್ವವಿದ್ಯಾಲಯದ ಅಧಿಕೃತ ತಂಡವಾಯಿತು. ಆಮೇಲೆ ಆರು ರಾಷ್ಟ್ರೀಯ ಪ್ರಶಸ್ತಿಗಳು, ಕೊನೆಯದು 2003ರಲ್ಲಿ, ಅವರ ವೃತ್ತಿಯ ಕಟ್ಟಕಡೆಯ ಪಂದ್ಯದಲ್ಲಿ. ಈಗ ಅವರ ಮಗ ಟಾಡ್ ಯೇಗ್ಲಿ ಅದೇ ತಂಡದ ಕೋಚ್, 2012ರಲ್ಲಿ ಅವರೂ ಪ್ರಶಸ್ತಿ ಗೆದ್ದಿದ್ದಾರೆ.

ಇದಕ್ಕೆ ತಿರುಗಿದ ದಾರಿಯನ್ನು ಹಿಡಿದವರೂ ಇದ್ದಾರೆ. ಬ್ರೂಸ್ ಅರೀನಾ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಐದು ಪ್ರಶಸ್ತಿ ಗೆದ್ದ ಮೇಲೆ, 1996ರಲ್ಲಿ ಆರಂಭವಾದ ವೃತ್ತಿಪರ ಲೀಗಿಗೆ ಹೋಗಿ, ಅಲ್ಲಿಂದ ಪುರುಷರ ರಾಷ್ಟ್ರೀಯ ತಂಡಕ್ಕೆ ಏರಿದರು. ಜಿಲ್ ಎಲ್ಲಿಸ್ ಯುಸಿಎಲ್‌ಎ ಕಾಲೇಜಿನಿಂದ ಹೊರಟು ಮಹಿಳಾ ರಾಷ್ಟ್ರೀಯ ತಂಡದೊಂದಿಗೆ 2015 ಮತ್ತು 2019ರ ವಿಶ್ವಕಪ್ ಗೆದ್ದರು. ಕಾಲೇಜು ಇವರಿಗೆ ಮೆಟ್ಟಿಲಾಯಿತು, ಯೇಗ್ಲಿಯವರಿಗೆ ಮನೆಯಾಯಿತು. ಡಾರೆನ್ಸ್ ಎರಡೂ ಅಲ್ಲ ಎಂಬುದು ನನ್ನ ತಿಳಿವಳಿಕೆ: ಮನೆಯಲ್ಲಿದ್ದುಕೊಂಡೇ ಅವರು ಮೇಲಿನ ಮಹಡಿಯನ್ನು ಕಟ್ಟಿದರು. ರಾಷ್ಟ್ರೀಯ ತಂಡದ ಬಗ್ಗೆ ಕ್ಯಾರಿಯವರು ಇನ್ನೂ ಏನೂ ಬರೆದಿಲ್ಲ.

ಕ್ಯಾರಿ ನಿವಾಸಿ:

ಬರೆಯದೆ ಉಳಿಸಿಕೊಂಡಿದ್ದೆ, ಏಕೆಂದರೆ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ. ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡ ಮೊದಲ ಬಾರಿಗೆ ಆಡಿದ್ದು 1985ರಲ್ಲಿ, ಇಟಲಿಯಲ್ಲಿ. ಮರುವರ್ಷ ಡಾರೆನ್ಸ್ ಅದರ ಕೋಚ್ ಆದರು, ಕಾಲೇಜಿನ ಎರಡು ತಂಡಗಳನ್ನು ಇಟ್ಟುಕೊಂಡೇ. ಮಿಯಾ ಹ್ಯಾಮ್ ಎಂಬ ಹುಡುಗಿಗೆ ಹದಿನೈದು ವರ್ಷವಾಗಿದ್ದಾಗಲೇ, 1987ರಲ್ಲಿ, ರಾಷ್ಟ್ರೀಯ ತಂಡದಲ್ಲಿ ಆಡಿಸಿದರು. 1989ರಲ್ಲಿ ಅವಳು ಚಾಪೆಲ್ ಹಿಲ್‌ಗೆ ಓದಲು ಬಂದಳು, ಅವಳು ಆಡಿದ 95 ಕಾಲೇಜು ಪಂದ್ಯಗಳಲ್ಲಿ ತಂಡ ಸೋತದ್ದು ಒಂದೇ ಒಂದು.

1991ರಲ್ಲಿ ಚೀನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆದಾಗ ಪಂದ್ಯಗಳ ಅವಧಿ 90 ನಿಮಿಷವಲ್ಲ, 80 ನಿಮಿಷ. ಹೆಂಗಸರು ಅಷ್ಟು ಹೊತ್ತು ಓಡಲಾರರೆಂದು ಯಾರೋ ಭಾವಿಸಿದ್ದರೆಂದು ಕಾಣುತ್ತದೆ. ಡಾರೆನ್ಸ್ ಅವರ ತಂಡ ಮುಂದೆ ಮೂವರನ್ನು ಇಟ್ಟುಕೊಂಡು, ಎದುರಾಳಿಗೆ ಉಸಿರಾಡಲು ಬಿಡದಂತೆ ಮೇಲೆರಗಿ ಆಡಿತು: ಮಿಷೆಲ್ ಏಕರ್ಸ್, ಕ್ಯಾರಿನ್ ಜೆನಿಂಗ್ಸ್ ಮತ್ತು ನಾಯಕಿ ಹೈನ್‌ರಿಕ್ಸ್. ಸೆಮಿಫೈನಲಿನಲ್ಲಿ ಜರ್ಮನಿಯ ಎದುರು 5-2. ನವೆಂಬರ್ 30ರಂದು ಗ್ವಾಂಗ್‌ಜೌನಲ್ಲಿ ನಡೆದ ಫೈನಲಿನಲ್ಲಿ ನಾರ್ವೆಯ ಎದುರು 2-1, ಗೆಲುವಿನ ಗೋಲನ್ನು ಏಕರ್ಸ್ ಹೊಡೆದದ್ದು 78ನೆಯ ನಿಮಿಷದಲ್ಲಿ. ಆ ತಂಡದ ಬೆನ್ನೆಲುಬಾಗಿದ್ದವರಲ್ಲಿ ಹಲವರು ಚಾಪೆಲ್ ಹಿಲ್‌ನ ಕೊಪ್ಪರಿಗೆಯಲ್ಲಿ ಬೆಂದವರೇ. 1994ರಲ್ಲಿ ಅವರು ರಾಷ್ಟ್ರೀಯ ತಂಡವನ್ನು ಬಿಟ್ಟರು, ಕಾಲೇಜನ್ನು ಬಿಡಲಿಲ್ಲ.

ಅಂಕಿಸಂಖ್ಯೆ:

ಈಗ ನನ್ನ ತೂಕ ಹೇಳುತ್ತೇನೆ. 2000ದ ನಂತರ ಪ್ರಶಸ್ತಿಗಳು ವಿರಳವಾದದ್ದನ್ನು ಇಳಿಗಾಲವೆಂದು ಬಹಳ ಜನ ಬರೆಯುತ್ತಾರೆ. ನಾನು ಅದನ್ನು ಅವರ ಕೆಲಸದ ಫಲವೆಂದೇ ಓದುತ್ತೇನೆ. 1991 ಮತ್ತು 1999ರ ವಿಶ್ವಕಪ್ಪುಗಳನ್ನು ನೋಡಿದ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಚೆಂಡು ಬಂತು, ಕಾಲೇಜುಗಳಿಗೆ ಆಟಗಾರ್ತಿಯರ ಕೊರತೆ ನೀಗಿತು, ತಂಡಗಳು ಹೆಚ್ಚಿದವು. ಫ್ಲಾರಿಡಾ ವಿಶ್ವವಿದ್ಯಾಲಯ ತಂಡ ಕಟ್ಟಿದ್ದು 1995ರಲ್ಲಿ. ನಾಲ್ಕನೆಯ ಋತುವಿನಲ್ಲೇ, 1998ರ ಫೈನಲಿನಲ್ಲಿ, ಅದು ಡಾರೆನ್ಸ್ ಅವರ ತಂಡವನ್ನು 1-0ಯಿಂದ ಸೋಲಿಸಿತು. ಆ ತಂಡದ ಕೋಚ್ ಬೆಕಿ ಬರ್ಲಿ, ಈ ಪ್ರಶಸ್ತಿ ಗೆದ್ದ ಮೊದಲ ಮಹಿಳಾ ಕೋಚ್. ಡಾರೆನ್ಸ್ ಅವರದೇ ಶಿಷ್ಯೆಯರು ಎದುರಿನ ಬೆಂಚುಗಳಲ್ಲಿ ಕುಳಿತರು: ಮೊದಲ ತಂಡದಲ್ಲಿ ಆಡಿದ್ದ ಜ್ಯಾನೆಟ್ ರೇಫೀಲ್ಡ್ ಇಲಿನಾಯ್‌ನಲ್ಲಿ, ಆಂಜೆಲಾ ಕೆಲಿ ಟೆನೆಸ್ಸಿಯಲ್ಲಿ, ಅಲ್ಲಿಂದ ಟೆಕ್ಸಾಸಿನಲ್ಲಿ. ಹೈನ್‌ರಿಕ್ಸ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ರಾಷ್ಟ್ರೀಯ ತಂಡದ ಕೋಚ್.

ಐವತ್ತು ದಾಟಿದ ಮೇಲೂ ಡಾರೆನ್ಸ್ ಅವರ ಕೈ ಸೋತಿರಲಿಲ್ಲ ಎನ್ನಲು 2003ರ 27ಕ್ಕೆ 27 ಗೆಲುವಿನ ಋತು ಸಾಕು. ಕೊನೆಯ ದಶಕದಲ್ಲೂ 2018, 2019 ಮತ್ತು 2022ರಲ್ಲಿ ಫೈನಲಿಗೆ ಬಂದು ಸೋತರು. 2022ರದು ಮಾತ್ರ ನೋಡಲು ಕಷ್ಟವಾದ ಪಂದ್ಯ: ಯುಸಿಎಲ್‌ಎ ಎದುರು 2-0 ಮುಂದಿದ್ದು, ಕೊನೆಯ ನಿಮಿಷದಲ್ಲಿ ಸಮ ಮಾಡಿಸಿಕೊಂಡು, ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋತದ್ದು.

ಧಾರವಾಡದ ವಕೀಲ:

ಅಂಕಿಸಂಖ್ಯೆಯವರೇ, ಸೋಲನ್ನೂ ಸಾಧನೆಯ ಖಾತೆಗೆ ಜಮಾ ಮಾಡುವ ನಿಮ್ಮ ಜಾಣ್ಮೆ ಮೆಚ್ಚಿದೆ. ಆದರೆ ಟೈಟಲ್ ನೈನ್ ಅನ್ನು ನೀವೇ ಮೊದಲು ಎತ್ತಿದಿರಿ. ಆ ಕಾಯ್ದೆ ಇಲ್ಲದಿದ್ದರೆ ಈ ಬೆಳೆ ಬರುತ್ತಿತ್ತೆ? ಬಿತ್ತಿದವರು ಕಾನೂನು ಮಾಡಿದವರು, ಇವರು ಒಳ್ಳೆಯ ಒಕ್ಕಲಿಗ ಎನ್ನೋಣ.

ಅಂಕಿಸಂಖ್ಯೆ:

ಒಪ್ಪಿದೆ. ಒಳ್ಳೆಯ ಒಕ್ಕಲಿಗ ಎಂಬುದು ನಮ್ಮ ಕಡೆ ಸಣ್ಣ ಮಾತೇನಲ್ಲ.

ಬ್ಲೂಮಿಂಗ್‌ಟನ್ ಕನ್ನಡಿಗ:

ನಿವೃತ್ತಿಯ ಕಾಲದ ಪರಿಸ್ಥಿತಿಯನ್ನೂ ಸೇರಿಸುತ್ತೇನೆ. ಈಗಿನ ಕಾಲೇಜು ಕೋಚ್‌ನ ಕೆಲಸ ಹತ್ತು ವರ್ಷಗಳ ಹಿಂದಿನ ಕೆಲಸವಲ್ಲ. ಆಟಗಾರ್ತಿಯರು ವರ್ಷದ ಕೊನೆಗೆ ಸುಲಭವಾಗಿ ಬೇರೆ ಕಾಲೇಜಿಗೆ ವರ್ಗವಾಗಬಹುದು, 2021ರಿಂದ ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು, ವೃತ್ತಿಪರ ಲೀಗು ಕರೆದರೆ ಪದವಿ ಮುಗಿಯುವ ಮುನ್ನವೇ ಹೊರಡಬಹುದು. ಚಾಪೆಲ್ ಹಿಲ್‌ನ ಆಲಿ ಸೆಂಟ್ನರ್ 2024ರ ವೃತ್ತಿಪರ ಆಯ್ಕೆಯಲ್ಲಿ ಮೊದಲ ಸ್ಥಾನ ಪಡೆದು ಹೀಗೆಯೇ ಹೊರಟರು. ನಾಲ್ಕು ವರ್ಷ ಕಾದು ಆಟಗಾರ್ತಿಯನ್ನು ಬೆಳೆಸುವ ಕ್ರಮ ಈ ವೇಗಕ್ಕೆ ಹೊಂದುವುದು ಕಷ್ಟ. ಡಾರೆನ್ಸ್ ಪದವಿ ಮುಗಿಸಿ ಹೊರಡುವ ಪ್ರತಿಯೊಬ್ಬ ಹಿರಿಯ ಆಟಗಾರ್ತಿಗೂ ಕೈಯಾರೆ ಪತ್ರ ಬರೆದು, ಅದನ್ನು ತಂಡದೆದುರು ಓದುತ್ತಿದ್ದರು. ಒಂದೇ ವರ್ಷವಿದ್ದು ಹೋಗುವವಳಿಗೆ ಆ ಪತ್ರದಲ್ಲಿ ಏನು ಬರೆಯುವುದು?

ಕ್ಯಾರಿ ನಿವಾಸಿ:

ಒಂದು ವರ್ಷವಿದ್ದು ಹೋದವರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಲೂಸಿ ಬ್ರಾನ್ಜ್ ಇದ್ದಾರೆ, 2009ರ ಪ್ರಶಸ್ತಿ ತಂಡದಲ್ಲಿ ಆಡಿದವರು. ಆದ್ದರಿಂದ ಬರೆಯಲು ಏನಾದರೂ ಸಿಕ್ಕಿರಬೇಕು. ನನ್ನ ಮಗಳಿಗೆ ಈಗ ಹದಿನಾಲ್ಕು. ಹೈಸ್ಕೂಲಿನ ಎರಡನೆಯ ವರ್ಷ ಮುಗಿದ ಮೇಲೆ, ಜೂನ್ 15ರ ನಂತರವೇ ಕಾಲೇಜು ಕೋಚ್‌ಗಳು ಅವಳೊಂದಿಗೆ ಸೇರ್ಪಡೆಯ ಮಾತನಾಡಬಹುದೆಂಬ ನಿಯಮವಿದೆ. ಆ ದಿನ ಫೋನು ಬಂದರೆ ಕೇಳಬೇಕಾದ ಪ್ರಶ್ನೆಗಳನ್ನು ಈ ಚರ್ಚೆಯಿಂದಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ವಕೀಲರ ಪ್ರಶ್ನೆ ಮೊದಲನೆಯದು.

ವ್ಯಾಯಾಮ ಮೇಷ್ಟ್ರು:

ನಾನು ಒಂದು ವಾರ ಇತ್ತ ಬಂದಿರಲಿಲ್ಲ, ಕಾರಣ ಗೋಲ್‌ಕೀಪರ್ ತಾಯಿಯವರೇ. ನಿವೃತ್ತನಾದ ಮೇಲೆ ನಮ್ಮೂರ ಹೈಸ್ಕೂಲಿನ ಬಯಲಿನಲ್ಲಿ ಹದಿನಾಲ್ಕು ಹುಡುಗಿಯರಿಗೆ ಸಂಜೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ತಮ್ಮ ಬರಹ ಓದಿ, ಒಬ್ಬರೆದುರು ಒಬ್ಬರ ಆಟವನ್ನು ಐದು ದಿನ ಬರೆದಿಟ್ಟು, ಪಟ್ಟಿಯನ್ನು ಶಾಲೆಯ ಕಿಟಕಿಗೆ ಅಂಟಿಸಿದೆ. ಮೊದಲ ಆರು ಮಂದಿಯ ಆಟ ಕಣ್ಣಿಗೆ ಕಾಣುವಷ್ಟು ಚುರುಕಾಯಿತು. ಕೊನೆಯ ಸ್ಥಾನದ ಹುಡುಗಿ ಎರಡು ದಿನದಿಂದ ಬಂದಿಲ್ಲ. ಅವಳ ಅಜ್ಜಿ ದಾರಿಯಲ್ಲಿ ಸಿಕ್ಕು, ನಮ್ಮ ಹುಡುಗಿಯ ಮಾನ ಕಿಟಕಿಗೆ ಅಂಟಿಸಿದಿರಂತೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಏನು ಮಾಡಲಿ?

ಮಾಜಿ ಗೋಲ್‌ಕೀಪರ್:

ಮೇಷ್ಟ್ರೇ, ಪಟ್ಟಿ ತೆಗೆಯಬೇಡಿ, ಹೆಚ್ಚು ಮಾಡಿ. ಒಂದೇ ಬಾಬತ್ತು ಅಳೆದರೆ ಒಬ್ಬಳು ಕೊನೆಯವಳೇ ಆಗಿ ಉಳಿಯುತ್ತಾಳೆ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಇದ್ದವು, ಒಂದರಲ್ಲಿ ಹಿಂದಿದ್ದವಳು ಇನ್ನೊಂದರಲ್ಲಿ ಮೇಲೆ ಬರುತ್ತಿದ್ದಳು. ದೂರದ ಒದೆತ, ತಲೆಯ ಹೊಡೆತ, ಕೊನೆಯ ಹತ್ತು ನಿಮಿಷದ ಓಟ, ಇವನ್ನೂ ಬರೆಯಿರಿ. ಅಜ್ಜಿಯ ಮನೆಗೆ ತಾವೇ ಹೋಗಿ ಹುಡುಗಿಯನ್ನು ಕರೆಯಿರಿ, ಕರೆಯುವುದಕ್ಕೆ ಬೇರೆಯವರನ್ನು ಕಳಿಸಬೇಡಿ.

ವ್ಯಾಯಾಮ ಮೇಷ್ಟ್ರು:

ಹೋಗಿದ್ದೆ. ಕಾಫಿ ಕುಡಿದು, ಬೈಸಿಕೊಂಡು ಬಂದೆ. ಹುಡುಗಿ ಇಂದು ಸಂಜೆ ಬಂದಳು. ದೂರದ ಒದೆತ ಅಳೆದೆವು, ಅವಳಿಗೆ ಎರಡನೆಯ ಸ್ಥಾನ. ಮೊದಲ ಸ್ಥಾನ ನಮ್ಮ ಗೋಲ್‌ಕೀಪರಿನದು, ಅದನ್ನು ತಮಗೆ ತಿಳಿಸಬೇಕೆನಿಸಿತು.